ಐರಿನ್ ಬಾಯಮ್ಮ ತಗೊಳ್ಳದ ನೀಲಿ ಕಾರು

ಬಿತ್ತು.

ಬಾನೆಟ್ ಮೇಲೆ ಇಟ್ಟೆ, ಜಾರಿ ಬಿತ್ತು. ಡ್ರೈವರ್ ಬದಿಯ ಬಾಗಿಲಿಗೆ ಒತ್ತಿದೆ, ಕೈ ಬಿಟ್ಟ ಕೂಡ್ಲೇ ಬಿತ್ತು. ಹಿಂದಿನ ಮಡ್‌ಗಾರ್ಡ್, ಬಿತ್ತು. ರೂಫಿನ ಮೇಲೆ ಇಟ್ಟು ಬೆರಳಲ್ಲಿ ಚೂರು ದೂಡಿದೆ. ಐಸ್ ಮೇಲೆ ಹೋದ ಹಾಗೆ ಹೋಗಿ ಆಚೆ ಕಡೆ ನೆಲಕ್ಕೆ ಬಿತ್ತು.

ನಾನು ಎದ್ದು ನಿಂತು ಪ್ಯಾಂಟ್ ಕೊಡವಿದೆ. "ಬಾಯಮ್ಮ, ಇದು ಬೇಡ. ಪೂರಾ ಪುಟ್ಟಿ."

ಬಿದ್ದದ್ದು ಎಂತ ಅಂತ ವಾರ ವಾರ ನನ್ನನ್ನು ಓದುವ ಹಳಬರಿಗೆ ಗೊತ್ತುಂಟು. ನನ್ನ ಮ್ಯಾಗ್ನೆಟ್. ಹೊಸಬರಿಗೆ ಹೇಳ್ತೇನೆ. ದುಬೈಯ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಲ್ಲಿ ನಾನು ಡೆಂಟಿಂಗ್ ಪೇಂಟಿಂಗ್ ಮಾಡುವವ. ಓದಿದ್ದು ಎಂಟನೇ ಕ್ಲಾಸ್, ಅದೂ ಪೂರ್ತಿ ಅಲ್ಲ. ಹಾಳಾದ ಸ್ಪೀಕರಿಂದ ತೆಗೆದ ಒಂದು ಮ್ಯಾಗ್ನೆಟ್ ನನ್ನ ಹತ್ರ ಉಂಟು. ಗೀರು ಬೀಳ್ಬಾರ್ದು ಅಂತ ಹಳೇ ಬನಿಯನ್ ತುಂಡು ಸುತ್ತಿದ್ದೇನೆ. ಊರಿನವರು ಯಾರೇ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವ ಮೊದಲು ಇಲ್ಲಿಯ ರಜೆಯ ದಿನ ಶುಕ್ರವಾರ ನನ್ನನ್ನು ಕರೀತಾರೆ. ಮ್ಯಾಗ್ನೆಟ್ ಹಿಡಿದ್ರೆ ಒಳಗೆ ತಗಡು. ಬಿದ್ರೆ ಒಳಗೆ ಪುಟ್ಟಿ, ಅಂದ್ರೆ ನೆಗ್ಗಿದ ಜಾಗಕ್ಕೆ ಮೆತ್ತಿ ಪೇಂಟ್ ಹೊಡೆಯುವ ಪೇಸ್ಟ್. ಪುಟ್ಟಿ ಇದ್ರೆ ಆಕ್ಸಿಡೆಂಟ್ ಗಾಡಿ. ಇಷ್ಟೇ ವಿದ್ಯೆ. ಫೀಸ್ ಒಂದು ಬಿರಿಯಾನಿ. ಏಳು ವರ್ಷ ಒಂದು ಸಲವೂ ತಪ್ಪಲಿಲ್ಲ. ರೂಮಲ್ಲಿ ನನ್ನ ಹೆಸರೇ ಮ್ಯಾಗ್ನೆಟ್ ಸಂತು.

ಐರಿನ್ ಬಾಯಮ್ಮ ಊದ್ ಮೇಥಾದಲ್ಲಿ ಇರ್ತಾರೆ. ನಮ್ಮ ಕಡೆಯವರೇ, ಶಿರ್ವದ ಹತ್ರ. ಐವತ್ತೆಂಟು ವರ್ಷ. ಒಂದು ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಮದುವೆ ಆಗ್ಲಿಲ್ಲ, ಯಾಕೆ ಅಂತ ನಾನು ಕೇಳ್ಲಿಲ್ಲ, ನೀವೂ ಕೇಳ್ಬೇಡಿ. ನಾನು ದುಬೈಗೆ ಬಂದ ಹೊಸತರಲ್ಲಿ ಗ್ಯಾರೇಜಿನ ಈ ಕೆಲಸ ಹೇಳಿ ಕೊಡ್ಸಿದ್ದು ಅವ್ರೇ. ಶುಕ್ರವಾರ ಇಗರ್ಜಿಯಿಂದ ಬಂದು ಮೀನು ಸಾರು ಮಾಡಿದ್ರೆ ನನಗೆ ಫೋನ್ ಬರ್ತದೆ. "ಪುತಾ, ಬಂಗುಡೆ ಉಂಟು. ಬರ್ತೀಯಾ, ಬೆಕ್ಕಿಗೆ ಹಾಕ್ಲಾ?" ಅಂತ. ಪುತಾ ಅಂದ್ರೆ ಅವ್ರ ಕೊಂಕಣಿಯಲ್ಲಿ ಮಗ.

ಡಿಸೆಂಬರಿಗೆ ಅವ್ರ ಸರ್ವಿಸ್ ಮುಗೀತದೆ. ಊರಿಗೆ ಹೋಗ್ತಾರೆ. ಅವ್ರಿಗೆ ಈ ದೇಶದಲ್ಲಿ ಉಳಿದಿದ್ದ ಆಸೆ ಒಂದೇ. ಈ ನೀಲಿ ಕಾರು.

ಫ್ರೆಂಚ್ ಕಾರು. ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಎಂಜಿನ್ ಬೆನ್ನ ಹಿಂದೆ, ಮುಂದೆ ನಾಲ್ಕು ಉರುಟು ಲೈಟು. ಎತ್ತರ ನನ್ನ ಸೊಂಟಕ್ಕೆ ಸ್ವಲ್ಪ ಮೇಲೆ. ಅವ್ರ ಆಸ್ಪತ್ರೆಯಲ್ಲೇ ಫಿಸಿಯೋಥೆರಪಿ ಮಾಡ್ತಿದ್ದ ಲೂಕ್ ಅನ್ನುವ ಫ್ರೆಂಚ್ ಹುಡುಗನದ್ದು. ಒಂದು ದಿನ ಡ್ಯೂಟಿ ಮುಗ್ಸಿ ಇವ್ರು ಟ್ಯಾಕ್ಸಿಗೆ ಕಾಯ್ತಿದ್ದಾಗ (ಇವ್ರ ಹಳೇ ಜಪಾನಿ ಕಾರು ಆಗ್ಲೇ ಕೈ ಕೊಟ್ಟಿತ್ತು) ಅವ ಮನೆವರೆಗೆ ಬಿಟ್ಟ. ಇನ್ನೊಂದು ಶುಕ್ರವಾರ ಕೀ ಕೈಗೆ ಕೊಟ್ಟು, ನೀವೇ ಓಡ್ಸಿ ಸಿಸ್ಟರ್ ಅಂದ. ಅಷ್ಟೇ. ಹೋಯ್ತು ಬಾಯಮ್ಮನ ತಲೆ.

"ಸಂತು, ಮೂವತ್ತು ವರ್ಷ ನಾನು ಸ್ಟ್ರೆಚರ್ ದೂಡಿದ್ದೇನೆ, ಆಕ್ಸಿಜನ್ ಸಿಲಿಂಡರ್ ದೂಡಿದ್ದೇನೆ, ನನ್ನ ಹಳೇ ಕಾರನ್ನೂ ದೂಡಿದ್ದೇನೆ. ಇದನ್ನು ದೂಡ್ಲಿಕ್ಕೇ ಇಲ್ಲ ಮಾರಾಯ. ಅದೇ ಹೋಗ್ತದೆ."

"ಊರಿಗೆ ಕೊಂಡೋಗ್ತೀರಾ?"

"ಊರಿಗೆ ಎಂತಕ್ಕೆ? ಅಲ್ಲಿಯ ರಸ್ತೆಯ ಮೊದಲ ಹಂಪ್‌ಗೇ ಕಾರಿನ ಹೊಟ್ಟೆ ತಾಗ್ತದೆ. ಇಲ್ಲಿ ಇರುವಷ್ಟು ದಿನ. ಒಂಬತ್ತು ತಿಂಗಳು. ಜಬಲ್ ಹಫೀತ್ ಗುಡ್ಡೆಯ ತಿರುವು ಉಂಟಲ್ವಾ, ಅದನ್ನು ಒಂದ್ಸಲ ನಾನೇ ಓಡ್ಸಿ ಹತ್ತಬೇಕು."

ಎಲ್ರೂ ನಗಾಡಿದ್ರು. ಈ ಪ್ರಾಯದಲ್ಲಿ ಸ್ಪೋರ್ಟ್ಸ್ ಕಾರಾ ಅಂತ. ಅವ್ರ ತಮ್ಮನ ಮಗ ಫೋನಲ್ಲಿ "ಆಂಟಿ, ಆರ್ ಯೂ ಓಕೇ?" ಅಂತ ಕೇಳಿದನಂತೆ. ನಾನು ನಗಾಡ್ಲಿಲ್ಲ. ದುಡ್ಡು ಅವ್ರದ್ದು, ದುಡಿದದ್ದು ಅವ್ರು, ಕೂರುದು ಅವ್ರು. ನಿಮಗೆ ಎಂತ?

ಲೂಕ್ ದೇಶ ಬಿಟ್ಟು ಹೋಗುವವ ಇದ್ದ. ಬೇರೆ ಗಿರಾಕಿ ಇದ್ರೂ ಸಿಸ್ಟರಿಗೇ ಕೊಡುದು ಅಂತ ಕಾದಿದ್ದ. ಬಾಯಮ್ಮ ಒಂದೇ ಮಾತು ಹೇಳಿದ್ರು. "ನಮ್ಮ ಹುಡುಗ ಒಬ್ಬ ಉಂಟು. ಅವ ನೋಡಿ ಸರಿ ಅಂದ್ರೆ ಸರಿ."

ಆ ಹುಡುಗ ನಾನು.

ಈಗ ಶುರುವಲ್ಲಿ ಮ್ಯಾಗ್ನೆಟ್ ಬಿದ್ದ ಪಾರ್ಕಿಂಗಿಗೆ ಬನ್ನಿ. ಮಾರ್ಚಿನ ಒಂದು ಶುಕ್ರವಾರ ಬೆಳಿಗ್ಗೆ. ಮ್ಯಾಗ್ನೆಟ್ ನೆಲದಲ್ಲಿ. ನಾನು ಪೂರಾ ಪುಟ್ಟಿ ಅಂದಾಯ್ತು. ಬಾಯಮ್ಮನ ಮುಖ ಸಣ್ಣ ಆಯ್ತು. ಲೂಕ್‌ಗೆ ಕನ್ನಡ ಬರುದಿಲ್ಲ, ಆದ್ರೆ ನನ್ನ ಮುಖ ಓದ್ಲಿಕ್ಕೆ ಕನ್ನಡ ಯಾಕೆ?

"ನೋ ಆಕ್ಸಿಡೆಂಟ್, ಮೈ ಫ್ರೆಂಡ್. ನೆವರ್," ಅಂದ.

ನಾನು ಬಾಗಿಲು ತೆಗೆದು ಹಾಕಿದೆ. ಟಪ್ ಅಂತು. ದೊಡ್ಡ ಗಾಡಿಯ ಬಾಗಿಲು ಹಾಕಿದ್ರೆ ಧಬ್ ಅನ್ನಬೇಕು, ಕಬ್ಬಿಣದ ಗೇಟು ಹಾಕಿದ ಹಾಗೆ. ಇದು ಬಿಸ್ಕೆಟ್ ಡಬ್ಬದ ಮುಚ್ಚಳ. ನನ್ನ ಡೌಟು ಇನ್ನೂ ಗಟ್ಟಿ ಆಯ್ತು.

"ಇಟ್ ಈಸ್ ಅಲ್ಯುಮಿನಿಯಂ," ಅಂದ ಅವ. "ಆಲ್ ಬಾಡಿ. ಟು ಬಿ ಲೈಟ್."

ನನಗೆ ಕೇಳಿತು. ಅರ್ಥವೂ ಆಯ್ತು. ಬಾನೆಟ್ ಒಂದೇ ಅಲ್ಯುಮಿನಿಯಂ ಇರುವ ಜರ್ಮನ್ ಗಾಡಿ ನಾನು ಎಷ್ಟೋ ಮಾಡಿದ್ದೇನೆ. ಆದ್ರೆ ಬಾಗಿಲು, ರೂಫು, ಮಡ್‌ಗಾರ್ಡ್, ಎಲ್ಲಾ? ಮಾರುವವ್ರು ಹೇಳುವ ಕತೆ ನನಗೆ ಗೊತ್ತಿಲ್ವಾ? ಲೇಡಿ ಡ್ರೈವ್, ಹೆಂಗಸು ಮೆಲ್ಲ ಓಡ್ಸಿದ್ದು ಅಂತಾರೆ, ಡಾಕ್ಟರ್ ಓಡ್ಸಿದ್ದು ಅಂತಾರೆ. ಇವ ಅಲ್ಯುಮಿನಿಯಂ ಅಂತಾನೆ.

ನಾನು ಬಾಯಮ್ಮನ ಕಡೆ ತಿರುಗಿ ಹೇಳಿದೆ. "ಅಲ್ಯುಮಿನಿಯಂ ಅಂತೆ! ಇದು ಕಾರಾ, ಅನ್ನದ ಪಾತ್ರೆಯಾ?"

ಬಾಯಮ್ಮನಿಗೆ ನಗು ಬಂತು. ತಡೆಯದೆ ನಗಾಡಿದ್ರು. ಆಮೇಲೆ ಲೂಕ್‌ನ ಮುಖ ನೋಡಿ ನಿಲ್ಲಿಸಿದ್ರು.

ಅವ ಬೇಜಾರಲ್ಲೇ ಇನ್ನೂ ಒಂದು ಮಾತು ಹೇಳಿದ. ಕಂಪನಿಯ ಏಜೆನ್ಸಿಗೆ ಹೋಗುವ, ಅವ್ರೇ ಕಂಪ್ಯೂಟರಲ್ಲಿ ಚೆಕ್ ಮಾಡ್ಲಿ, ಖರ್ಚು ನನ್ನದು ಅಂತ. ಅಲ್ಲಿ ನಾನು ಸುಮ್ಮನೆ ಹೂಂ ಅಂದಿದ್ರೆ ಈ ವಾರ ನಿಮಗೆ ಬೇರೆ ಎಂತಾದ್ರೂ ಬರೀತಿದ್ದೆ. ನಾನು ಎಂತ ಹೇಳಿದೆ ಗೊತ್ತುಂಟಾ? "ಏಜೆನ್ಸಿಯವ್ರು ಅವ್ರದ್ದೇ ಕಾರನ್ನು ಕೆಟ್ಟದ್ದು ಅಂತಾರಾ ಬಾಯಮ್ಮ?"

"ಕೊನೆಗೆ ನೀನು ಎಂತ ಹೇಳ್ತಿ?" ಕೇಳಿದ್ರು ಅವ್ರು.

"ಬೇಡ. ಖಲಾಸ್."

ಕೀ ವಾಪಸ್ ಕೊಟ್ರು. ಕೊಡುವ ಮೊದಲು ರೂಫಿನ ಮೇಲೆ ಒಮ್ಮೆ ಕೈ ಇಟ್ರು, ಜ್ವರ ಉಂಟಾ ನೋಡುವ ಹಾಗೆ. ಲೂಕ್ ಕಾರಲ್ಲಿ ಕೂತು ಹೋದ. ಮುಂದಿನ ವಾರ ದೇಶ ಬಿಟ್ಟ. ಹೋಗುವಾಗ ಸಿಸ್ಟರಿಗೆ ಬಾಯ್ ಹೇಳ್ಲಿಕ್ಕೂ ಬರ್ಲಿಲ್ಲ.

ಆ ಮಧ್ಯಾಹ್ನ ನಾನು ಎರಡು ಪ್ಲೇಟ್ ಬಿರಿಯಾನಿ ತಿಂದೆ. ಹೆಮ್ಮೆಯಿಂದ.

ಮತ್ತೆ ನಾನೇ ಅವ್ರಿಗೆ ಬೇರೆ ಗಾಡಿ ಹುಡುಕಿ ಕೊಟ್ಟೆ. ದೊಡ್ಡದು. ಏಳು ಸೀಟು. ಮ್ಯಾಗ್ನೆಟ್ ಎಲ್ಲಿ ಇಟ್ರೂ ಟಕ್ಕಂತ ಹಿಡಿಯುದು. ಬಾಗಿಲು ಹಾಕಿದ್ರೆ ಧಬ್. "ಇದು ನೋಡಿ ಬಾಯಮ್ಮ ಗಾಡಿ! ಗುದ್ದಿದ್ರೆ ಎದುರಿನವ ಹೋಗಬೇಕು," ಅಂದೆ. ಅವ್ರು ಹಿಡ್ಕೊಂಡು, ಕಾಲೆತ್ತಿ, ಉಸಿರು ಬಿಟ್ಟು ಹತ್ತಿದ್ರು. ಎದುರು ಕಾಣುದಿಲ್ಲ ಅಂತ ಸೀಟಿಗೆ ಒಂದು ದಿಂಬು ಇಟ್ರು. ಏಳು ಸೀಟಲ್ಲಿ ಆರು ಯಾವಾಗ್ಲೂ ಖಾಲಿ.

"ಒಳ್ಳೇದುಂಟು ಪುತಾ," ಅಂದ್ರು. ಅಷ್ಟೇ ಅಂದ್ರು.

ನಮ್ಮವರಿಗೆ ಭಾರ ಅಂದ್ರೆ ಒಳ್ಳೇದು. ಇದು ನನಗೆ ಒಬ್ಬನಿಗೆ ಇರುವ ರೋಗ ಅಲ್ಲ, ನಿಮಗೂ ಉಂಟು. ಊರಿಗೆ ಹೋಗುವಾಗ ಮೂವತ್ತು ಕೇಜಿ ಅಂದ್ರೆ ಮೂವತ್ತು ಕೇಜಿ ತುಂಬಿಸ್ಬೇಕು. ತೂಗುವ ಕೊಕ್ಕೆಯಲ್ಲಿ ರೂಮಿನವರೆಲ್ಲ ಸೇರಿ ಕಾರ್ಟನ್ ತೂಗುದು. ಇಪ್ಪತ್ತೆಂಟು ಬಂದ್ರೆ ಇನ್ನೂ ಎರಡು ಉಂಟು, ಸೋಪು ಹಾಕು, ಟ್ಯಾಂಗ್ ಹಾಕು. ಮೂವತ್ತೆರಡು ಬಂದ್ರೆ ಎರಡು ಪ್ಯಾಂಟ್ ಮೈಮೇಲೆ ಹಾಕ್ಕೊಂಡು ಹೋಗು. ಇಪ್ಪತ್ತು ಕೇಜಿ ಸಾಕು ಅಂತ ಹೋದವ ಯಾರಾದ್ರೂ ಉಂಟಾ? ಹೋದ್ರೆ ಊರಲ್ಲಿ ಕೇಳ್ತಾರೆ, ಕೆಲಸ ಹೋಯ್ತಾ ಅಂತ.

ಆ ನೀಲಿ ಕಾರು ಮಾಡಿದವ್ರು ಉಲ್ಟಾ ಯೋಚನೆ ಮಾಡಿ ಕೂತಿದ್ದಾರೆ. ಎಂತ ತೆಗೀಬಹುದು, ಎಂತ ತೆಗೀಬಹುದು ಅಂತ. ಸ್ಟೆಪ್ನಿ ತೆಗ್ದಿದ್ದಾರೆ. ಎದುರಿನ ಡ್ಯಾಶ್ ಬಾಕ್ಸ್ ತೆಗ್ದಿದ್ದಾರೆ. ಕಬ್ಬಿಣ ತೆಗ್ದಿದ್ದಾರೆ. ಬಾಯಮ್ಮನಿಗೆ ನಾನು ಕೊಡ್ಸಿದ ಗಾಡಿಯ ಭಾರದಲ್ಲಿ ಅಂತದ್ದು ಎರಡು ಕಾರು ಮಾಡ್ಬಹುದು.

ಇದೆಲ್ಲ ನನಗೆ ಗೊತ್ತಾದದ್ದು ಹೇಗೆ? ಕಾರು ನನ್ನ ಕೈಗೇ ಬಂತು.

ಮೊನ್ನೆ ಸೆಪ್ಟೆಂಬರಲ್ಲಿ ನಮ್ಮ ಗ್ಯಾರೇಜಿಗೆ ಒಂದು ನೀಲಿ ಕಾರು. ಅಬುಧಾಬಿ ನಂಬರ್. ಓನರ್ ಒಬ್ಬ ಅರಬ್ಬಿ ಹುಡುಗ. ಮಾಲ್ ಪಾರ್ಕಿಂಗಲ್ಲಿ ಯಾರೋ ಟ್ರಾಲಿ ತಾಗ್ಸಿ ಹಿಂದಿನ ಮಡ್‌ಗಾರ್ಡಿಗೆ ಬೆರಳುದ್ದ ಗೀರು. ಗ್ಲಾಸಿನ ಮೂಲೆಯಲ್ಲಿ ಅರ್ಧ ಕಿತ್ತ ಸ್ಟಿಕ್ಕರ್ ನೋಡಿದೆ. ಬಾಯಮ್ಮನ ಆಸ್ಪತ್ರೆಯ ಸ್ಟಾಫ್ ಪಾರ್ಕಿಂಗಿದ್ದು. ಲೂಕ್‌ನ ಅದೇ ಕಾರು.

ನಿಜ ಹೇಳ್ತೇನೆ, ನನಗೆ ಖುಷಿ ಆಯ್ತು. ಈಗ ಪುಟ್ಟಿ ಹೊರಗೆ ಬರ್ತದೆ, ಫೋಟೋ ತೆಗೆದು ಬಾಯಮ್ಮನಿಗೆ ವಾಟ್ಸಪ್ ಮಾಡುದು ಅಂತ ಸ್ಯಾಂಡ್ ಪೇಪರ್ ತಗೊಂಡೆ. ಉಜ್ಜಿದೆ. ನೀಲಿ ಹೋಯ್ತು. ಪ್ರೈಮರ್ ಬಂತು. ಪ್ರೈಮರ್ ಹೋಯ್ತು.

ಬೆಳ್ಳಗೆ ಹೊಳೀತು.

ಇಲ್ಲ, ಬೇರೆ ಕಡೆ ಇರ್ತದೆ ಅಂತ ಆಚೆ ಉಜ್ಜಿದೆ. ಅಲ್ಲೂ ಬೆಳ್ಳಗೆ. ಈಚೆ ಉಜ್ಜಿದೆ. ಬೆಳ್ಳಗೆ. ಪುಟ್ಟಿಯ ಒಂದು ಚುಕ್ಕೆ ಇಲ್ಲ. ಕಂಪನಿಯಿಂದ ಬಂದ ಹಾಗೇ ಉಂಟು. ಒಂದು ಬೆರಳು ಗೀರಿಗೆ ನಾನು ಒಂದು ಊಟದ ತಟ್ಟೆಯಷ್ಟು ಜಾಗ ಉಜ್ಜಿ ಬಿಟ್ಟಿದ್ದೆ.

ನಮ್ಮ ಉಸ್ತಾದ್ ಬಂದ್ರು. ಪೇಶಾವರದವ್ರು, ಬಾಡಿ ಕೆಲಸದಲ್ಲಿ ಮೂವತ್ತೈದು ವರ್ಷ. ನನ್ನ ಕೈಯಿಂದ ಪೇಪರ್ ಕಿತ್ಕೊಂಡ್ರು.

"ಅರೇ ಪಾಗಲ್! ಬಾವಿ ತೋಡ್ತಿದ್ದೀಯಾ?" ಅಂತ ಹಿಂದಿಯಲ್ಲಿ ಬೈದ್ರು. ಆಮೇಲೆ ಬೆರಳ ಗಂಟಲ್ಲಿ ಬಾಗಿಲಿಗೆ ತಟ್ಟಿದ್ರು, ರೂಫಿಗೆ ತಟ್ಟಿದ್ರು, ಬಾನೆಟಿಗೆ ತಟ್ಟಿದ್ರು. "ಪೂರೀ ಗಾಡಿ ಅಲ್ಯುಮಿನಿಯಂ ಹೈ, ಬೇಟಾ. ಕಬ್ಬಿಣಕ್ಕೆ ಉಜ್ಜಿದ ಪೇಪರ್ ಇದಕ್ಕೆ ಮುಟ್ಟಿಸ್ಬಾರ್ದು. ನೀನು ಹೋಗು, ಟೀ ಕುಡಿ."

ನಾನು ಟೀ ಕುಡೀಲಿಲ್ಲ. ಕಂಪ್ರೆಸರ್ ಹತ್ರ ಹೋಗಿ ಕೂತೆ. ಲೂಕ್‌ನ ಮುಖ ಕಣ್ಣೆದುರು ಬಂತು. ಅವ ಒಂದು ಸುಳ್ಳೂ ಹೇಳ್ಲಿಲ್ಲ. ನಾನು ಅವನನ್ನು ಕಳ್ಳ ಮಾಡಿ ಕಳಿಸಿದೆ.

ಮೂರು ದಿನ ಬಿಟ್ಟು ಪೇಂಟ್ ಮುಗೀತು. ಉಸ್ತಾದ್ ಕೀ ನನ್ನ ಕೈಗೇ ಕೊಟ್ರು. ಅಬುಧಾಬಿಗೆ ಕೊಂಡೋಗಿ ಓನರಿಗೆ ಕೊಡು, ಬಸ್ಸಲ್ಲಿ ವಾಪಸ್ ಬಾ ಅಂತ. ನನಗೆ ಲೈಸೆನ್ಸ್ ಉಂಟು. ಮನಸ್ಸು ಇರ್ಲಿಲ್ಲ. ಹೋದೆ.

ಸ್ಪೀಡಿನ ಕತೆ ನಾನು ಹೇಳುದಿಲ್ಲ. ಸ್ಪೀಡು ಎಲ್ಲಾ ಗಾಡಿಯಲ್ಲೂ ಉಂಟು, ದಂಡವೂ ಉಂಟು. ಇದು ಬೇರೆ. ಗ್ಯಾರೇಜಲ್ಲಿ ದಿನಾ ದೊಡ್ಡ ಗಾಡಿ ಓಡ್ಸಿ ಓಡ್ಸಿ ನನಗೆ ಒಂದು ಅಭ್ಯಾಸ. ಸ್ಟೇರಿಂಗ್ ತಿರುಗ್ಸಿ ಕಾಯುದು. ಗಾಡಿಗೆ ಸುದ್ದಿ ಮುಟ್ಟಿ, ಅದು ಯೋಚನೆ ಮಾಡಿ, ಮೈ ಅಲ್ಲಾಡ್ಸಿ, ಮತ್ತೆ ತಿರುಗುದು. ಇದು ಹಾಗಲ್ಲ. ನೀವು ತಿರುಗಬೇಕು ಅಂತ ನೋಡಿದ್ರೆ ಸಾಕು, ತಿರುಗಿ ಆಗಿದೆ. ಕುರ್ಚಿಯಲ್ಲಿ ಕೂತ ಹಾಗೆ ಅಲ್ಲ, ಅಂಗಿ ಹಾಕಿದ ಹಾಗೆ. ಬ್ರೇಕ್ ಒತ್ತಿದ್ರೆ ಹಿಂದಿನಿಂದ ಯಾರೂ ದೂಡುದಿಲ್ಲ. ರಸ್ತೆಯಲ್ಲಿ ಸಣ್ಣ ಕಲ್ಲು ಇದ್ರೂ ಕೈಗೆ ಗೊತ್ತಾಗ್ತದೆ, ಆದ್ರೆ ನೋವಾಗುದಿಲ್ಲ.

ಅಬುಧಾಬಿ ಒಳಗೆ ಒಂದು ರೌಂಡ್‌ಅಬೌಟ್ ಸಿಕ್ಕಿತು. ಸೀದಾ ಹೋಗಬೇಕಿತ್ತು. ಒಂದು ಸುತ್ತು ಹಾಕಿದೆ. ಮತ್ತೊಂದು ಹಾಕಿದೆ. ಮೂರನೇದರಲ್ಲಿ ನಾನು ಒಬ್ಬನೇ ಜೋರಾಗಿ ನಗಾಡ್ತಿದ್ದೆ. ಇಪ್ಪತ್ತೊಂಬತ್ತು ವರ್ಷದ ಗಡ್ಡ ಬಿಟ್ಟ ಗಂಡಸು, ಪೇಂಟ್ ಮೆತ್ತಿದ ಯೂನಿಫಾರ್ಮ್, ಮಕ್ಕಳ ಹಾಗೆ ನಗು.

ನಾಲ್ಕನೇ ಸುತ್ತು ಹಾಕ್ಲಿಲ್ಲ. ಈ ನಗು ನನ್ನದಲ್ಲ ಅಂತ ಗೊತ್ತಾಯ್ತು.

ಓನರ್ ಹುಡುಗ ಗೇಟಿನ ಹತ್ರ ನಿಂತಿದ್ದ. ಕೀ ಕೊಡುವ ಮೊದಲು ನನಗೆ ಬರುವ ಇಂಗ್ಲಿಷಲ್ಲಿ ಕೇಳಿದೆ, ಸರ್, ಮಾರ್ತೀರಾ, ಒಳ್ಳೇ ಗಿರಾಕಿ ಉಂಟು ಅಂತ. ಅವ ನಗಾಡಿದ. "ಸೆಲ್? ದಿಸ್? ನೆವರ್, ಹಬೀಬಿ." ಹೊಸ ಪೇಂಟ್ ಮೇಲೆ ಕೈ ಸವರಿ ನೋಡಿ, ನನಗೆ ಥ್ಯಾಂಕ್ಸ್ ಹೇಳಿ ಒಳಗೆ ಕೊಂಡೋದ. ಅಂತದ್ದೇ ಬೇರೆ ಕಾರಿಗೆ ಇಲ್ಲಿ ಎಷ್ಟೋ ವಿಚಾರಿಸಿದೆ. ಸೆಕೆಂಡ್ ಹ್ಯಾಂಡ್ ಬರುದೇ ಇಲ್ಲ. ತಗೊಂಡವ್ರು ಬಿಡುದಿಲ್ಲ. ಹೊಸದು ಬುಕ್ ಮಾಡಿದ್ರೆ ಬರುವಾಗ ಬಾಯಮ್ಮ ಊರಲ್ಲಿ ಇರ್ತಾರೆ.

ನೀವು ಕೇಳ್ತೀರಿ, ಹೇಳ್ದೆ ಸುಮ್ಮನೆ ಇರ್ಬಹುದಿತ್ತಲ್ವಾ ಅಂತ. ರೂಮಲ್ಲಿ ಎಲ್ರೂ ಅದೇ ಹೇಳಿದ್ರು. "ಅವ್ರಿಗೆ ಗೊತ್ತೇ ಇಲ್ಲ, ಹೇಗೂ ಹೋಗುವವ್ರು, ಯಾಕೆ ಕೆದಕ್ತಿ?" ಅಂತ. ಏಳು ವರ್ಷ ಬೇರೆಯವರ ಗಾಡಿಯ ಪುಟ್ಟಿ ಕೆದಕಿ ಎಲ್ರ ಎದುರು ತೋರ್ಸಿದವ ನಾನು. ನನ್ನದು ಮಾತ್ರ ಪೇಂಟ್ ಹೊಡೆದು ಮುಚ್ಚುದಾ?

ಕಳೆದ ಶುಕ್ರವಾರ ಹೋದೆ. ಬಾಯಮ್ಮ ಅಡಿಗೆ ಮನೆಯಲ್ಲಿ ಮೀನು ಕೊಯ್ತಿದ್ರು. ಹಾಲಲ್ಲಿ ಕಾರ್ಟನ್ ಕಟ್ಲಿಕ್ಕೆ ಶುರು ಮಾಡಿದ್ದಾರೆ. ನಾನು ಕೂರ್ಲಿಲ್ಲ. ನಿಂತಲ್ಲೇ ಹೇಳಿದೆ.

"ಬಾಯಮ್ಮ, ಆ ನೀಲಿ ಕಾರಲ್ಲಿ ಪುಟ್ಟಿ ಇರ್ಲಿಲ್ಲ. ಅವ ಹೇಳಿದ್ದು ಸತ್ಯ. ಪೂರಾ ಅಲ್ಯುಮಿನಿಯಂ. ನನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಅಂತ ಹೇಳ್ಲೂ ಇಲ್ಲ."

ಕತ್ತಿ ನಿಂತಿತು. ನೀರು ಬಿಟ್ಟು ಕೈ ತೊಳೆದ್ರು. ಟವೆಲಲ್ಲಿ ಒರಸಿದ್ರು, ಒಂದೊಂದೇ ಬೆರಳು, ಆಸ್ಪತ್ರೆಯವರ ಹಾಗೆ.

"ನಿನಗೆ ಹೇಗೆ ಗೊತ್ತಾಯ್ತು?"

ಎಲ್ಲಾ ಹೇಳಿದೆ. ಸ್ಯಾಂಡ್ ಪೇಪರ್, ಉಸ್ತಾದ್, ಅಬುಧಾಬಿ ಹುಡುಗ ಮಾರುದಿಲ್ಲ ಅಂದದ್ದು. ಬೈತಾರೆ ಅಂತ ಕಾದೆ. ಬೈದಿದ್ರೆ ಒಳ್ಳೇದಿತ್ತು.

"ಲೂಕ್‌ಗೆ ಇವತ್ತೇ ಮೆಸೇಜ್ ಮಾಡ್ಬೇಕು," ಅಂದ್ರು.

"ನನ್ನ ಸಾರಿ ಹೇಳಿ ಬಾಯಮ್ಮ."

"ನಿನ್ನದು ನೀನು ಹೇಳು, ನಂಬರ್ ಕೊಡ್ತೇನೆ. ನಾನು ನನ್ನದು ಹೇಳ್ತೇನೆ. ಅವನ ಎದುರಲ್ಲೇ ನಗಾಡಿದ್ದು ನಾನು." ಟವೆಲ್ ಮಡಚಿಟ್ಟು ಮತ್ತೆ ಅಂದ್ರು, "ಅವ ಕೆಲಸದ ಮಧ್ಯೆ ಬಂದು ನನ್ನ ಸೊಂಟನೋವಿಗೆ ಎಕ್ಸರ್‌ಸೈಜ್ ಹೇಳಿ ಕೊಟ್ಟಿದ್ದ ಪುತಾ. ಮೂರು ವರ್ಷದ ಪರಿಚಯ. ಆದ್ರೂ ನಾನು ಅವನನ್ನು ಕೇಳ್ಲಿಲ್ಲ. ನಿನ್ನನ್ನು ಕೇಳಿದೆ. ಯಾಕೆ ಅಂದ್ರೆ ನೀನು ನಮ್ಮವ."

ನಮ್ಮಲ್ಲಿ ಹೀಗೇ. ಏಜೆನ್ಸಿ ಬೇಡ, ಕಂಪ್ಯೂಟರ್ ಬೇಡ, ಕಾರಿನ ಓನರ್ ಬೇಡ, ನಮ್ಮವ ಹೇಳಿದ್ರೆ ಸಾಕು. ನಮ್ಮವನಿಗೆ ಗೊತ್ತುಂಟಾ ಅಂತ ಯಾರೂ ಕೇಳುದಿಲ್ಲ. ನಮ್ಮವನೂ ಹೇಳುದಿಲ್ಲ. ಬಿರಿಯಾನಿ ತಿಂತಾನೆ.

ಬಾಯಮ್ಮ ಒಲೆ ಹೊತ್ತಿಸಿದ್ರು. ಬೆನ್ನು ನನ್ನ ಕಡೆ.

"ಅಬುಧಾಬಿವರೆಗೆ ನೀನೇ ಓಡ್ಸಿದ್ಯಾ?"

"ಹೂಂ."

"ಹೇಗಿತ್ತು?"

ನಾನು ಯಾರ ಮುಖಕ್ಕೂ ಇದ್ದದ್ದು ಇದ್ದ ಹಾಗೆ ಹೇಳುವವ. ಗಾಡಿ ಕೆಟ್ಟದಿದ್ರೆ ಕೆಟ್ಟದು, ಒಳ್ಳೇದಿದ್ರೆ ಒಳ್ಳೇದು.

"ಎಂತ ಇಲ್ಲ ಬಾಯಮ್ಮ. ಸಣ್ಣ ಗಾಡಿ. ಕೂತು ಕೂತು ಬೆನ್ನು ನೋವು. ನಿಮಗೆ ಆಗ್ತಿರ್ಲಿಲ್ಲ."

ಅವ್ರು ತಿರುಗಿ ನೋಡ್ಲಿಲ್ಲ.

"ಸುಳ್ಳು ಹೇಳ್ಬೇಡ ಪುತಾ. ನಾನೂ ಓಡ್ಸಿದ್ದೇನೆ."

ಅಷ್ಟೇ.